ಏಳನೆಯದು

ಬಂದರು ರಸ್ತೆಯ ಸೊಸೈಟಿಯಲ್ಲಿ ನಾನು ಸರಾಫ.
ಇಪ್ಪತ್ತೆಂಟು ವರ್ಷ ಒರೆಗಲ್ಲಿಗೆ ಬಳೆ ಉಜ್ಜಿ ಉಜ್ಜಿ
ಹೆಬ್ಬೆರಳಿನ ಗೆರೆ ಅಳಿಸಿ ಹೋಗಿದೆ;
ಹಾಜರಿ ಯಂತ್ರ ನನ್ನನ್ನು ಗುರುತಿಸುವುದಿಲ್ಲ.

ಶನಿವಾರ, ಮುಚ್ಚಲು ಅರ್ಧ ಗಂಟೆ ಇರುವಾಗ
ಜೆಪ್ಪುವಿನ ಮಾರ್ಸೆಲ್ ಕುಟಿನ್ಹಾ ಬಂದರು,
ಹಡಗಿನಲ್ಲಿ ವಯರಿಂಗ್ ಮಾಡಿ ನಿವೃತ್ತರಾದವರು.
ಬಿಸ್ಕತ್ತಿನ ಡಬ್ಬ. ಡಬ್ಬದೊಳಗೆ ಪ್ಲಾಸ್ಟಿಕ್ಕು,
ಪ್ಲಾಸ್ಟಿಕ್ಕಿನೊಳಗೆ ರಟ್ಟು,
ರಟ್ಟಿಗೆ ಒರಗಿದ ಹನ್ನೊಂದು ಹಳೆ ಕಾಮಿಕ್ಸ್.
“ಇದರ ಮೇಲೆ ಸಾಲ ಬೇಕಿತ್ತು ಶೇಟರೇ.”

ಮ್ಯಾನೇಜರ್ ನಕ್ಕರು. ನಾನು ನಗಲಿಲ್ಲ.
ಹಲ್ಲಿನ ಚಿನ್ನ ತಂದವರನ್ನೂ ನೋಡಿದ್ದೇನೆ.

ಮುಖಬೆಲೆ ಅರುವತ್ತು ಪೈಸೆ.
ಪುಣೆಯಲ್ಲೊಬ್ಬ ಒಂದಕ್ಕೇ ನಲವತ್ತು ಸಾವಿರ ಹೇಳಿದ್ದಾನಂತೆ.
“ಹಾಗಾದರೆ ಕೊಡಬಹುದಲ್ಲ?”
“ಇನ್ನೈದು ವರ್ಷ ಇಟ್ಟರೆ ಲಕ್ಷ ಮಾರಾಯ್ರೆ.
ಸ್ವಲ್ಪ ತಡೆಯಿರಿ, ನಿಮ್ಮ ಕೈ ಒಣಗಿ ಉಂಟಾ?”

ಒರೆಸಿಕೊಂಡೆ.
ಪಿನ್ನಿಗೆ ತುಕ್ಕು ಬಂದರೆ ಕಾಲು ಪಾಲು ಹೋಯಿತು, ಎಂದರು.
ಬೆನ್ನು ಮಡಿಚಿದ್ದರೆ ಇನ್ನಷ್ಟು.
ಹಿಂದಿನ ಪುಟದ ಕೂಪನ್ ಕತ್ತರಿಸಿದ್ದರೆ ಸೀದಾ ಗುಜರಿ.
ನಮ್ಮೂರ ಗಾಳಿಯೇ ವೈರಿ,
ಉಪ್ಪು ಇಲ್ಲಿ ಗಂಜಿಗಿಂತ ಮೊದಲು ಕಾಗದಕ್ಕೆ ಹತ್ತುತ್ತದೆ.
ಅದಕ್ಕೇ ಮಲಗುವ ಕೋಣೆಯ ಏಸಿ ಅವುಗಳಿಗೆ;
ತಾನೂ ಹೆಂಡತಿಯೂ ಹೊರಗೆ, ಫ್ಯಾನಿನಡಿ.

“ಅಂದರೆ ಯಾರೂ ಓದಿರಬಾರದು.”
“ಓದಬಹುದು. ಮುಟ್ಟದೆ.”

ನನಗಿದು ಹೊಸತೇನಲ್ಲ.
ತೂಕದಿಂದ ಕಲ್ಲು ಕಳೆಯುತ್ತೇನೆ, ಅರಗು ಕಳೆಯುತ್ತೇನೆ,
ಸರದ ಕೊಂಡಿಯಲ್ಲಿ ಕೂತ ಸಾಬೂನು, ಬೆವರು, ಅರಸಿನ –
ಒಬ್ಬ ಹೆಂಗಸಿನ ಮೂವತ್ತು ವರ್ಷ
ಸುಮಾರು ನೂರಿಪ್ಪತ್ತು ಮಿಲಿಗ್ರಾಂ.
ಅದನ್ನೂ ಕಳೆಯುತ್ತೇನೆ.

“ಇದೊಂದು ಹಾಳಾದ್ದು,” ಎಂದು ಕೊನೆಯದನ್ನು ಬೇರೆ ಇಟ್ಟರು.
ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಿನ ಬದಿಯಲ್ಲಿ
ಇದ್ದಿನಬ್ಬ ಬ್ಯಾರಿ ಉಳಿದವುಗಳ ಜೊತೆ ಧರ್ಮಕ್ಕೆ ಕೊಟ್ಟದ್ದು.
ಮುಖಪುಟದಲ್ಲಿ ನೀರಿನಡಿಯ ಪತ್ತೇದಾರ,
ತಿಮಿಂಗಿಲದ ಬಾಯೊಳಗೆ ಟಾರ್ಚು.
ತಿಮಿಂಗಿಲದ ಹಣೆಯ ಮೇಲೆ ನೀಲಿ ಶಾಯಿ:
ವಾರಿಜ, ಐದನೇ ಬಿ.

ನಡುಪುಟದಲ್ಲಿ ಸಂತೆಯ ಎರಡು ಚಿತ್ರ.
ಏಳು ವ್ಯತ್ಯಾಸ ಹುಡುಕಿ.
ಆರಕ್ಕೆ ಪೆನ್ಸಿಲಿನ ಸುತ್ತು ಬಿದ್ದಿದೆ:
ನಾಯಿಯ ಬಾಲ, ಕೊಡೆಯ ಕಡ್ಡಿ, ಮುದುಕನ ಗುಂಡಿ, ಇನ್ನು ಏನೇನೋ.
ಏಳನೆಯದಕ್ಕೆ ಅಲ್ಲಲ್ಲಿ ಸುತ್ತು ಹಾಕಿ
ರಬ್ಬರಿನಲ್ಲಿ ಉಜ್ಜಿ
ಕಾಗದ ಮೂರು ಕಡೆ ಈರುಳ್ಳಿ ಸಿಪ್ಪೆ.

“ನನಗೂ ಸಿಕ್ಕಿಲ್ಲ. ಹತ್ತೊಂಬತ್ತು ವರ್ಷವಾಯಿತು.
ಉತ್ತರ ಮುಂದಿನ ಸಂಚಿಕೆಯಲ್ಲಂತೆ.
ಮುಂದಿನದು ಯಾರ ಹತ್ತಿರವೂ ಇಲ್ಲ.”

ಮಸೂರ ಕಣ್ಣಿಗೇರಿಸಿದೆ.
ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಕೆಮ್ಮತೊಡಗಿದರು.

ಬೆಲ್ಲದಂಗಡಿಯವನ ತಕ್ಕಡಿ.
ಎಡದ ಚಿತ್ರದಲ್ಲಿ ಮುಳ್ಳು ನೆಟ್ಟಗಿದೆ.
ಬಲದಲ್ಲಿ, ಒಂದು ಕೂದಲಿನಷ್ಟು,
ಅಂಗಡಿಯವನ ಕಡೆಗೆ ವಾಲಿದೆ.

ಹೇಳಲಿಲ್ಲ.
ಬೆರಳ ನಡುವೆ ಪೆನ್ಸಿಲಿತ್ತು, ಕಿವಿಗೆ ಸಿಕ್ಕಿಸಿಕೊಂಡೆ.
ಆರು ಸುತ್ತಿಗೇ ಹತ್ತು ಸಾವಿರ ಹೋಗಿದೆಯಂತೆ,
ಏಳಕ್ಕೆ ಎಷ್ಟಾಗುತ್ತಿತ್ತೋ.
ರಿಜಿಸ್ಟರಿನಲ್ಲಿ ಬರೆದೆ: ಕಾಗದ. ಹನ್ನೊಂದು. ಒರೆಗೆ ಬಾರದ್ದು.

ಕುಟಿನ್ಹಾ ಬೇಸರಪಡಲಿಲ್ಲ.
ಬಂದ ಕ್ರಮದಲ್ಲೇ ಕಟ್ಟಿ,
ಡಬ್ಬ ಎದೆಗವಚಿ ಸಿಟಿ ಬಸ್ಸು ಹತ್ತಿದರು,
ಕಿಟಕಿಯ ಸೀಟು ಖಾಲಿಯಿದ್ದರೂ ನಿಂತೇ ಹೋದರು,
ಸಮುದ್ರದ ಕಡೆಗೆ ಬೆನ್ನು ಹಾಕಿ.

ನಮ್ಮ ತಕ್ಕಡಿಗೆ ಈಗ ಮುಳ್ಳಿಲ್ಲ, ಕೆಂಪು ಅಂಕಿ ಮಾತ್ರ.
ಫಾರಮಿನಲ್ಲಿ ವಾರಿಜ ಎಂದು ಕಂಡರೆ ತಲೆಯೆತ್ತುತ್ತೇನೆ,
ವಯಸ್ಸಿನ ಕಾಲಂ ನೋಡುತ್ತೇನೆ.
ಕಳೆದ ತಿಂಗಳು ಒಬ್ಬರು ಬಂದಿದ್ದರು,
ಅರುವತ್ತರ ಮೇಲೆ, ಬೆಂಡೋಲೆ, ನಾಲ್ಕು ಗ್ರಾಂ.
“ಐದನೇ ಕ್ಲಾಸಿನಲ್ಲಿ ನೀವು ಬಿ ಸೆಕ್ಷನಾ ಅಮ್ಮ?”
ಎಂದು ಕೇಳಿಬಿಟ್ಟೆ.

ಅವರು ಗಾಬರಿಯಾಗಿ
ಆಧಾರ್ ಕಾರ್ಡು ಹುಡುಕತೊಡಗಿದರು.